ಮೊದಲು ಮುದ್ದೆ, ಆಮೇಲೆ ಸೀಸೆ

ಪುಟ್ಟಿಯ ಹುಟ್ಟುಹಬ್ಬಕ್ಕೆ ಎಲ್ಲಿಗೆ ಹೋಗುವುದು ಎಂದು ಚಂದು, ಪುಟ್ಟಿ, ನೀವಿಬ್ಬರೂ ಒಂದು ವಾರ ಫೋನಿನಲ್ಲಿ ಹುಡುಕಿದಿರಿ. ಒಂದು ಕಡೆ ತಿನ್ನುವುದು ಚೆನ್ನಾಗಿದೆಯಂತೆ, ಕುಡಿಯುವುದು ಚೆನ್ನಾಗಿಲ್ಲವಂತೆ. ಇನ್ನೊಂದು ಕಡೆ ಎರಡೂ ಚೆನ್ನಾಗಿವೆಯಂತೆ, ಕೂರಲು ಜಾಗ ಸಿಗುವುದಿಲ್ಲವಂತೆ. ಕೊನೆಗೆ ನನ್ನನ್ನೂ ನಿಮ್ಮಮ್ಮನನ್ನೂ ಭಾನುವಾರ ಬೆಳಗಿನ ರೈಲಿಗೆ ಬೆಂಗಳೂರಿಗೆ ಕರೆಸಿಕೊಂಡು ಒಂದು ಮಹಡಿ ಹೋಟೆಲಿಗೆ ಕರೆದುಕೊಂಡು ಹೋದಿರಿ. ಹನ್ನೊಂದು ಗಂಟೆ. ತಿಂಡಿಯೂ ಅಲ್ಲ, ಊಟವೂ ಅಲ್ಲ, ಎರಡೂ ಸೇರಿದ್ದು, ಅದಕ್ಕೆ ಬ್ರಂಚ್ ಎನ್ನುತ್ತಾರೆ ಎಂದು ಪುಟ್ಟಿ ಹೇಳಿಕೊಟ್ಟಳು.

ನನ್ನ ಮುಂದೆ ಒಂದು ಎಳನೀರಿನ ಬುರುಡೆ ತಂದಿಟ್ಟರು. ಅದರ ಬಾಯಿಗೆ ಒಂದು ಕಾಗದದ ಛತ್ರಿ ಸಿಕ್ಕಿಸಿದ್ದರು.

“ಅಜ್ಜಿ, ಇದರಲ್ಲಿ ಏನೂ ಇಲ್ಲ. ಬರೀ ಎಳನೀರು, ನಿಂಬೆಹಣ್ಣು, ಪುದೀನ. ಕುಡಿ,” ಎಂದಳು ಪುಟ್ಟಿ.

“ನಮ್ ತೋಟದಲ್ಲಿ ಕಾಯಿಗೆ ಬಿಸಿಲು ಮಳೆ ಅಂತ ಯಾರೂ ಕೇಳಲ್ಲ, ಇಲ್ಲಿ ಅದಕ್ಕೆ ಛತ್ರಿ ಬೇರೆ ಹಿಡಿದವ್ರೆ ನೋಡು!” ಎಂದು ನಿಮ್ಮಮ್ಮ ನಕ್ಕಳು. ಆಮೇಲೆ ಚಂದುವಿನ ಮುಂದೆ ಬಿಯರ್ ಲೋಟ ಬಂದದ್ದನ್ನು ನೋಡಿ ಅವಳ ನಗು ನಿಂತಿತು.

“ಲೋ ಚಂದು, ಅಜ್ಜಿ ಎದ್ರಿಗೆ ಕುಡೀಬ್ಯಾಡ ಕಣೋ. ನಿಮ್ಮ ತಾತ, ನಮ್ಮಪ್ಪ, ಹೋಗಿದ್ದೇ ಅದ್ರಿಂದ. ಆ ಹೋಟ್ಲವಳು ಕುಡ್ಸೀ ಕುಡ್ಸೀ ಕೊಂದ್ಲು.”

ನಾನು ಬುರುಡೆ ಕೆಳಗಿಟ್ಟೆ. ಅಜ್ಜಿಗೆ ರುಚಿ ಹಿಡಿಸಲಿಲ್ಲ ಎಂದು ನೀವು ಅಂದುಕೊಂಡಿರಿ, ಬೇರೆ ಏನೋ ತರಿಸಿದಿರಿ. ಅದನ್ನೂ ನಾನು ತಿನ್ನಲಿಲ್ಲ. ಪುಟ್ಟಿಯ ಮುಖ ಸಪ್ಪಗಾದದ್ದನ್ನು ನೋಡಿದೆ. ನಾಲ್ಕು ಜನರ ಎದುರಿಗೆ ಮಾತಾಡುವುದು ನನಗೆ ಯಾವತ್ತೂ ಬಂದದ್ದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಬೆಂಗಳೂರಿಗೆ ಬರುವ ಎರಡು ದಿನ ಮೊದಲು, ಕಾಯಿ ಕೆಡವಲು ಬಂದಿದ್ದ ಮರ ಹತ್ತುವವನು “ತಿಪಟೂರಿನ ಹೋಟ್ಲಕ್ಕ ಹೋಗ್ಬುಟ್ಲಂತೆ ಕಣವ್ವ” ಎಂದು ಹೇಳಿ ಮರ ಹತ್ತಿದ್ದ. ನಿಮ್ಮಮ್ಮ ಹೇಳಿದ ‘ಹೋಟ್ಲವಳು’ ಆಕೆಯೇ. ಆಕೆಯ ಹೆಸರು ನನಗೆ ಗೊತ್ತು. ಒಂದು ಸಲ ಆ ಹೆಸರನ್ನು ಕಾಗದದ ಮೇಲೆ ಬರೆದಿದ್ದೇನೆ. ಎರಡನೇ ಸಲ ಬರೆಯುವುದಿಲ್ಲ. ಎಲ್ಲರೂ ಕರೆಯುತ್ತಿದ್ದಂತೆ ನಾನೂ ಅಕ್ಕ ಎಂದೇ ಬರೆಯುತ್ತೇನೆ.

ಅಕ್ಕನ ಹೋಟೆಲು ತಿಪಟೂರಿನ ಹೊರಗೆ, ತೆಂಗಿನ ನಾರಿನ ರಾಶಿಗಳ ಪಕ್ಕದಲ್ಲಿತ್ತು. ತಗಡಿನ ಮಾಡು, ನಾಲ್ಕು ಬೆಂಚು, ಹಿಂದೆ ಅಡುಗೆ ಮನೆ. ವಾರದ ದಿನಗಳಲ್ಲಿ ಕೊಬ್ಬರಿ ಮಂಡಿಯ ಹಮಾಲರು ಉಣ್ಣುತ್ತಿದ್ದರು. ಭಾನುವಾರ ಮಾತ್ರ ಬೇರೆ. ಬೆಳಿಗ್ಗೆ ತೋಟಕ್ಕೆ ನೀರು ಬಿಟ್ಟು, ದನಕ್ಕೆ ಮೇವು ಹಾಕಿ, ತಲೆಗೆ ಎರಡು ಚೊಂಬು ನೀರು ಸುರಿದುಕೊಂಡು ಸುತ್ತಲ ಹಳ್ಳಿಗಳ ಗಂಡಸರು ಹನ್ನೊಂದರ ಹೊತ್ತಿಗೆ ಅಲ್ಲಿ ಸೇರುತ್ತಿದ್ದರು. ಮುದ್ದೆ, ಕಾಲು ಸೂಪು, ತಲೆಮಾಂಸ, ಬೋಟಿ ಗೊಜ್ಜು. ಕುಡಿಯುವವರು ತಮ್ಮ ಸೀಸೆಯನ್ನು ತಾವೇ ಜೇಬಿನಲ್ಲಿ ತರಬೇಕು. ಅಕ್ಕ ಮಾರುತ್ತಿರಲಿಲ್ಲ. ಹಾಗೆ ತಂದು ಕುಡಿಯಲು ಬಿಡುವುದೂ ಕಾಯಿದೆಗೆ ಒಪ್ಪುವುದಲ್ಲ ಎಂದು ಈಗ ನನಗೆ ಗೊತ್ತು. ಆದರೆ ಅದು ಬೇರೆ, ಮಾರುವುದು ಬೇರೆ.

ಬಾಗಿಲಲ್ಲೇ ಆಕೆ ಕೈ ಚಾಚುತ್ತಿದ್ದಳಂತೆ. ಸೀಸೆ ಆ ಕೈಗೆ ಹೋಗಬೇಕು. ಆಕೆಗೆ ಓದು ಬರಹ ಬರದು. ಹಾಗಾಗಿ ಪ್ರತಿ ಸೀಸೆಯ ಕುತ್ತಿಗೆಗೂ ತೆಂಗಿನ ಗರಿಯ ಒಂದು ಸೀಳು ಕಟ್ಟಿ, ಅದರಲ್ಲಿ ಗಂಟು ಹಾಕುತ್ತಿದ್ದಳು. ಒಬ್ಬನಿಗೆ ಒಂದು ಗಂಟು, ಒಬ್ಬನಿಗೆ ಎರಡು, ಇನ್ನೊಬ್ಬನಿಗೆ ಕುಣಿಕೆ. ನಿಮ್ಮ ತಾತನದು ಮೂರು ಗಂಟು. ಒಂದು ಮುದ್ದೆ ಪೂರ್ತಿ ಹೊಟ್ಟೆಗೆ ಇಳಿಯುವ ತನಕ ಸೀಸೆ ಹೊರಗೆ ಬರುತ್ತಿರಲಿಲ್ಲ.

“ಮೊದ್ಲು ಮುದ್ದೆ, ಆಮೇಲೆ ಸೀಸೆ,” ಎಂದು ತಾತ ಮನೆಗೆ ಬಂದು ಆಕೆಯ ದನಿಯಲ್ಲೇ ಹೇಳಿ ನಗುತ್ತಿದ್ದರು. ಒಬ್ಬ ಮೇಷ್ಟ್ರು ಹೊಟ್ಟೆ ತುಂಬಿದೆ, ಬರೀ ಸೀಸೆ ಸಾಕು ಎಂದು ರೇಗಿದರಂತೆ. ಅದಕ್ಕೆ ಆಕೆ, “ಮಕ್ಳಿಗೆ ಪಾಠ ಒಪ್ಸಿ ಅಂತ ಗದರ್ತೀರಲ್ಲ ಮೇಷ್ಟ್ರೇ, ನನ್ ತಾವ ಮುದ್ದೆ ಒಪ್ಸಿ. ಒಪ್ಸಿದ್ರೆ ಪಾಸು,” ಎಂದಳಂತೆ. ಇನ್ನೊಬ್ಬ ಮುದ್ದೆಯನ್ನು ಬೆಂಚಿನ ಕೆಳಗೆ ನಾಯಿಗೆ ಹಾಕಿ ಖಾಲಿ ತಟ್ಟೆ ತೋರಿಸಿದನಂತೆ. ಆಕೆ ನಾಯಿಯನ್ನು ಕರೆದು, “ಬಾರಪ್ಪ, ಉಂಡೋನು ನೀನು, ಸೀಸೆ ನಿಂದು,” ಎಂದು ಅವನ ಸೀಸೆಯನ್ನು ನಾಯಿಯ ಮುಂದೆ ಇಟ್ಟಳಂತೆ. ಇದನ್ನು ಹೇಳುವಾಗ ತಾತನ ಕಣ್ಣಲ್ಲಿ ನೀರು ಬರುವಷ್ಟು ನಗು. ನನಗೆ ನಗು ಬರುತ್ತಿರಲಿಲ್ಲ. ಮನೆಯಲ್ಲಿ ಅಷ್ಟು ನಗದ ಮನುಷ್ಯ ಅಲ್ಲಿ ನಕ್ಕು ಬರುತ್ತಾರಲ್ಲ ಎಂದುಕೊಂಡು ತಟ್ಟೆ ಎತ್ತುತ್ತಿದ್ದೆ.

ಆಕೆ ಉಣ್ಣುವವರ ಮುಖ ನೋಡುತ್ತಿರಲಿಲ್ಲವಂತೆ, ಬೆರಳು ನೋಡುತ್ತಿದ್ದಳಂತೆ. ಮುದ್ದೆ ಮುರಿಯುವ ಬೆರಳು ನಡುಗಿದರೆ ಅವನ ಸಂಗತಿ ತಿಳಿಯುತ್ತದೆ ಎನ್ನುತ್ತಿದ್ದಳಂತೆ. “ಮಖ ಸುಳ್ಳು ಹೇಳ್ತೈತೆ ಕಣಣ್ಣ, ಬೆರಳಿಗೆ ಸುಳ್ಳು ಬರಾಕಿಲ್ಲ.”

ಆಮೇಲೆ ಎಳನೀರಿನ ವಿಷಯ ಶುರುವಾಯಿತು.

ನಮ್ಮ ಕಡೆ ಎಳನೀರು ಕೆಡವುವುದೆಂದರೆ ಏನು ಎಂದು ನಿಮಗೆ ಗೊತ್ತಿರಲಿಕ್ಕಿಲ್ಲ. ನಮ್ಮದು ಕೊಬ್ಬರಿ ಸೀಮೆ. ಕಾಯಿ ಮರದಲ್ಲೇ ಬಲಿಯಬೇಕು, ಅಟ್ಟ ಸೇರಬೇಕು, ವರ್ಷದ ಹತ್ತಿರ ಅಲ್ಲೇ ಇದ್ದು ಒಳಗಿನ ನೀರು ಇಂಗಬೇಕು, ಅಲ್ಲಾಡಿಸಿದರೆ ಕೊಬ್ಬರಿ ಗಿಟುಕು ಲೊಟಲೊಟ ಅನ್ನಬೇಕು. ಎಳೆಯದನ್ನು ಕೆಡವಿದರೆ ಹಸುಗೂಸನ್ನು ಕಿತ್ತಂತೆ ಎಂದು ನಮ್ಮತ್ತೆ ಬೈಯುತ್ತಿದ್ದರು. ಜ್ವರ ಬಂದವರಿಗೆ, ಬಾಣಂತಿಗೆ, ಮನೆಗೆ ಬಂದ ಬೀಗರಿಗೆ ಒಂದೆರಡು ಕೆಡವುತ್ತಿದ್ದೆವು, ಅಷ್ಟೇ. ಅಂಥ ಮನೆಯ ಯಜಮಾನರು ಪ್ರತಿ ಭಾನುವಾರ ಬಾವಿ ಪಕ್ಕದ ಮರದಿಂದ ಎರಡೆರಡು ಎಳನೀರು ಇಳಿಸಿ, ಮೊಪೆಡ್ಡಿನ ಹಿಂದೆ ಕಟ್ಟಿಕೊಂಡು ಆಕೆಯ ಹೋಟೆಲಿಗೆ ಒಯ್ಯಲು ಶುರು ಮಾಡಿದರು.

“ಯಾರ್ಗೆ ಅದು?” ಎಂದು ಒಮ್ಮೆ ಕೇಳಿದೆ.

“ಅಕ್ಕ ಕೇಳ್ತು ಕಣೇ. ಆ ಮರದ್ದೇ ಬೇಕಂತೆ.”

ಆ ಮರದ ನೀರು ಸಿಹಿಯಲ್ಲ. ಸ್ವಲ್ಪ ಒಗರು. ತೋಟದಲ್ಲಿ ಜೇನಿನಂಥ ನೀರಿನ ಮರಗಳಿರುವಾಗ ಆ ಒಗರು ಮರದ್ದೇ ಯಾಕೆ ಬೇಕು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಬಾವಿ ಮರ ನಾನು ಈ ಮನೆಗೆ ಬಂದ ವರ್ಷ ನನ್ನ ಕೈಯಲ್ಲೇ ನೀರು ಹುಯ್ಯಿಸಿಕೊಂಡು ಬೆಳೆದದ್ದು. ಅದರ ಎಳನೀರು ಇನ್ನೊಬ್ಬ ಹೆಂಗಸಿನ ಮನೆಗೆ ಹೋಗುತ್ತಿದೆ ಎನ್ನುವುದೊಂದೇ ನನ್ನ ತಲೆಯಲ್ಲಿ ಕೂತಿತು.

ಆ ಹೋಟೆಲಿನ ಒಳಗೆ ನಾನು ಹೋದದ್ದು ಒಂದೇ ಸಲ. ಒಂದು ಭಾನುವಾರ ಕೊಬ್ಬರಿ ಬಿಡಿಸುವ ಹೆಂಗಸರು ಮನೆಗೆ ಬಂದು ಕೂತಿದ್ದರು. ಅಟ್ಟದ ಬೀಗದ ಕೈ ತಾತನ ಜೇಬಿನಲ್ಲೇ ಹೋಗಿತ್ತು. ಬಸ್ಸು ಹತ್ತಿ ಹೋದೆ. ಗಂಡಸರು ತುಂಬಿದ್ದ ಬಾಗಿಲಲ್ಲಿ ಸೆರಗು ಹಿಡಿದು ನಿಂತಿದ್ದವಳನ್ನು ಆಕೆಯೇ ನೋಡಿದಳು. ಕುಳ್ಳಗೆ, ಕಪ್ಪಗೆ, ಮೂಗಿನಲ್ಲಿ ದೊಡ್ಡ ಬೊಟ್ಟು. ಬಲಗೈ ಮುದ್ದೆ ಕಟ್ಟಿ ಕಟ್ಟಿ ಬೆಂದು ನುಣ್ಣಗಾಗಿತ್ತು.

“ಬಾರವ್ವ ಒಳೀಕೆ, ಅಲ್ಲಿ ಯಾಕೆ ನಿಂತೆ? ಬಾವಿ ಮರದ ಯಜಮಾನ್ತಿ ಅಲ್ವಾ ನೀನು?”

ಅಡುಗೆ ಮನೆಗೆ ಕರೆದುಕೊಂಡು ಹೋಗಿ ಮಣೆ ಹಾಕಿದಳು. ಮೂರೇ ಸುತ್ತಿನಲ್ಲಿ ಒಂದು ಮುದ್ದೆ ಕಟ್ಟಿ ತಟ್ಟೆಗೆ ಇಟ್ಟಳು. ನಾನು ಬೇಡ ಎಂದೆ. “ಬ್ಯಾಡ ಅನ್ನೋದು ನನ್ನ ಹೋಟ್ಲಾಗೆ ನಡಿಯಾಕಿಲ್ಲ ಬುಡು,” ಎಂದು ಸಾರು ಹಾಕಿದಳು. ಅಂಥ ಸಾರನ್ನು ನಾನು ಆಮೇಲೆ ಎಲ್ಲೂ ಉಂಡಿಲ್ಲ. ಅದನ್ನು ಉಣ್ಣುತ್ತಲೇ ಹಿತ್ತಿಲ ಕಡೆ ನೋಡಿದೆ. ಎಳನೀರಿನ ಬುರುಡೆಗಳ ರಾಶಿ. ಎಲ್ಲವೂ ತುಸು ಉದ್ದ, ತೊಟ್ಟಿನ ಬಳಿ ಕೆಂಪು. ನಮ್ಮ ಬಾವಿ ಮರದವು. ನಮ್ಮ ಮರದ ಕಾಯಿ ಯಾವ ರಾಶಿಯಲ್ಲಿದ್ದರೂ ನಮಗೆ ಗುರುತು ಹತ್ತುತ್ತದೆ.

ಆಮೇಲೆ ನೋಡಿದ್ದು ಇನ್ನೊಂದು. ಆಕೆ ನನಗೆ ಬೆನ್ನು ತಿರುಗಿಸಿ, ಮೂಲೆಯಲ್ಲಿದ್ದ ಐದು ಲೀಟರಿನ ಎಣ್ಣೆ ಕ್ಯಾನಿಗೆ ಒಂದು ಸೀಸೆಯಿಂದ ಬ್ರಾಂದಿ ಬಗ್ಗಿಸಿದಳು. ಕ್ಯಾನಿನ ಮುಚ್ಚಳ ಬಿಗಿ ಮಾಡಿ ಗೋಣಿ ಮುಚ್ಚಿದಳು. ಮಿಕ್ಕ ಒಂದಿಷ್ಟನ್ನು ಕೆತ್ತಿದ ಎಳನೀರಿನೊಳಗೆ ಹುಯ್ದು, “ಮೂರು ಗಂಟಿನೋರ್ದು ಆಯ್ತು ನೋಡ್ರೋ,” ಎಂದು ಹೊರಗೆ ಕೊಟ್ಟಳು.

ಮಾರಲು ಶೇಖರಿಸಿಡುತ್ತಿದ್ದಾಳೆ ಎಂದು ನಾನು ತೀರ್ಮಾನ ಮಾಡಿಬಿಟ್ಟೆ. ಬಂದವರ ಸೀಸೆಯಲ್ಲಿ ಕದ್ದು, ಬೇರೆಯವರಿಗೆ ಮಾರುತ್ತಾಳೆ. ನಮ್ಮ ಎಳನೀರನ್ನೂ ಮಾರುತ್ತಾಳೆ. ಬೀಗದ ಕೈ ಇಸಿದುಕೊಂಡು ಬಂದೆ. ರಾತ್ರಿ ತಾತನನ್ನು ಕೇಳಿದೆ. “ಥೂ, ಅವ್ಳು ಮಾರಲ್ಲ ಕಣೇ, ನಾವೇ ತಗೊಂಡೋಗೋದು,” ಎಂದರು. ನಾನು ನಂಬಲಿಲ್ಲ.

ಅದೇ ವರ್ಷ ಸಂಘದ ಹೆಂಗಸರು ಕುಡಿತದ ವಿರುದ್ಧ ಅರ್ಜಿ ಕೊಡಲು ಹೊರಟರು. ನಾನು ಓದಿದ್ದು ಊರ ಶಾಲೆಯಲ್ಲಿ ಏಳನೇ ತರಗತಿ. ಆದರೆ ನನ್ನ ಅಕ್ಷರ ದುಂಡಗಿದೆ. “ನೀನೇ ಬರಿಯೇ,” ಎಂದು ನಮ್ಮ ಜಗುಲಿಯಲ್ಲಿ ಕೂತು ಬರೆಸಿದರು. ಎಲ್ಲೆಲ್ಲಿ ಕದ್ದು ಮಾರುತ್ತಾರೆ ಎಂದು ಒಬ್ಬೊಬ್ಬರು ಒಂದೊಂದು ಜಾಗ ಹೇಳಿದರು. ಆ ಪಟ್ಟಿಯಲ್ಲಿ ಅಕ್ಕನ ಹೋಟೆಲು ಇರಲಿಲ್ಲ. ಯಾರೂ ಹೇಳಲಿಲ್ಲ. ಕೊನೆಯ ಸಾಲಿಗೆ ನಾನೇ ಸೇರಿಸಿದೆ, ಹೆಸರು ಸಮೇತ.

“ಅಲ್ಲಿ ಮಾರಲ್ಲ ಅಂತಾರಲ್ಲೇ?” ಎಂದಳು ಪಕ್ಕದಲ್ಲಿ ಕೂತವಳು.

“ನಾನು ಕಣ್ಣಾರೆ ನೋಡಿದೀನಿ,” ಎಂದೆ.

ಹತ್ತು ಹೆಂಗಸರ ನಡುವೆ ನಾನು ಗಟ್ಟಿಯಾಗಿ ಮಾತಾಡಿದ್ದು ಅದೊಂದೇ ಸಲ. ಅದಕ್ಕೇ ಇರಬೇಕು, ಎಲ್ಲರೂ ನಂಬಿದರು.

ಎರಡು ಭಾನುವಾರ ಕಳೆದ ಮೇಲೆ ಅಬಕಾರಿಯವರ ಜೀಪು ಬಂತಂತೆ. ಬಾಗಿಲ ಪಕ್ಕದ ಹಲಗೆಯ ಮೇಲೆ ಗರಿ ಕಟ್ಟಿ ಸಾಲಾಗಿ ನಿಲ್ಲಿಸಿದ್ದ ಸೀಸೆಗಳೇ ಸಾಕಾದವು. ಇವು ನನ್ನವಲ್ಲ ಎಂದು ಆಕೆ ಹೇಳಿದರೆ ಯಾರು ಕೇಳುತ್ತಾರೆ? ಇದು ಇಂಥವರದು, ಇದು ಇಂಥವರದು ಎಂದು ಗಂಟು ತೋರಿಸಿ ಹೇಳಿದಳಂತೆ. ಸೀಸೆಗಳ ಯಜಮಾನರೆಲ್ಲ ಅಷ್ಟು ಹೊತ್ತಿಗೆ ಹಿಂದಿನ ನಾರಿನ ರಾಶಿ ಹಾರಿ ಓಡಿದ್ದರು. ನಿಮ್ಮ ತಾತನೂ ಓಡಿದ್ದರು. ಹೋಟೆಲಿಗೆ ಬೀಗ ಬಿತ್ತು.

ತಾತ ಮನೆಗೆ ಬಂದು, “ಯಾವಳೋ ಬೇವರ್ಸಿ ಅರ್ಜಿ ಬರೆದವಳೆ,” ಎಂದರು. ನಾನು ಒಲೆ ಊದುತ್ತಿದ್ದೆ.

ಹೋಟೆಲು ಮುಚ್ಚಿದರೆ ಕುಡಿತ ನಿಲ್ಲುತ್ತದೆ ಎಂದುಕೊಂಡಿದ್ದೆ. ಭಾನುವಾರ ಹನ್ನೊಂದು ಗಂಟೆಗೆ ಅವರು ಈಗ ಬಾವಿ ಮರದ ಕೆಳಗೆ ಒಬ್ಬರೇ ಕೂರಲು ಶುರು ಮಾಡಿದರು. ಮುದ್ದೆ ಒಯ್ದು ಕೊಟ್ಟರೆ ಆಮೇಲೆ ಎನ್ನುತ್ತಿದ್ದರು. ಒಂದು ಸಲ ಗದರಿ ಎದುರಿಗೆ ಕೂತು ಉಣ್ಣಿಸುವ ಧೈರ್ಯ ನನಗೆ ಇರಲಿಲ್ಲ. ತಟ್ಟೆ ಪಕ್ಕದಲ್ಲಿಟ್ಟು ಬರುತ್ತಿದ್ದೆ. ಮುದ್ದೆ ಒಣಗಿ ಬಿರಿಯುತ್ತಿತ್ತು. ಐದು ತಿಂಗಳಿಗೆ, ಒಂದು ಭಾನುವಾರ ಅಲ್ಲೇ ರಕ್ತ ಕಾರಿಕೊಂಡರು. ಆಸ್ಪತ್ರೆಯಲ್ಲಿ ಡಾಕ್ಟರು, “ಯಕೃತ್ತು ಹೋಗಿ ಎರಡು ವರ್ಷದ ಮೇಲಾಗಿದೆಯಲ್ಲಮ್ಮ, ಇಷ್ಟು ದಿನ ಹೇಗೆ ತಡಕೊಂಡರು? ನಡುವೆ ಬಿಟ್ಟಿದ್ದರಾ?” ಎಂದು ಕೇಳಿದರು. ಇಲ್ಲ ಎಂದೆ. ಮೂರನೇ ದಿನ ತಾತ ಹೋದರು. ಆಗ ನೀವಿಬ್ಬರೂ ಚಿಕ್ಕವರು.

ಹನ್ನೊಂದನೇ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೋದ ಮಾರನೇ ಬೆಳಿಗ್ಗೆ ಅಕ್ಕ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ. ಸೂರಿನ ಕೆಳಗೆ ನಿಂತು, ಚೀಲದಿಂದ ಎಣ್ಣೆ ಕ್ಯಾನು ತೆಗೆದು ನನ್ನ ಕಾಲ ಬಳಿ ಇಟ್ಟಳು. ಕ್ಯಾನಿನ ಹಿಡಿಗೆ ಒಣಗಿದ ಗರಿಯ ಸೀಳು. ಮೂರು ಗಂಟು.

“ನಿಮ್ಮ ಯಜಮಾನ್ರುದು,” ಎಂದಳು. “ನನ್ ತಾವ ಯಾಕೆ ಇರ್ಬೇಕು ಅಂತ ತಂದೆ.”

ನನಗೆ ಅರ್ಥವಾಗಲಿಲ್ಲ.

“ಒಂದಿನ ನನ್ನ ಹಿತ್ಲಾಗೆ ವಾಂತಿ ಮಾಡ್ಕೊಂಡ್ರು ಕಣವ್ವ. ಕೆಂಪಗಿತ್ತು. ಮನೇಲಿ ಹೇಳ್ಬ್ಯಾಡ ಅಂತ ನನ್ ಕೈ ಹಿಡ್ಕೊಂಡ್ರು. ಬುಟ್ಬುಡಿ ಅಂದ್ರೆ ಬುಡೋ ಆಸಾಮಿನಾ? ಅದ್ಕೇ ನಾನು, ನಿಮ್ಮ ತೋಟದ ಎಳ್ನೀರು ತನ್ನಿ, ಅದ್ರಾಗೆ ಬೆರೆಸಿ ಕೊಡ್ತೀನಿ, ಉಷ್ಣ ಆಗಲ್ಲ ಅಂದೆ. ಬೆರೆಸ್ತಿದ್ದಿದ್ದು ಎಲ್ಡೇ ಮುಚ್ಚಳ. ಮಿಕ್ಕಿದ್ದು ಇದ್ರಾಗೆ ಹುಯ್ತಿದ್ದೆ.”

“ಬಾವಿ ಮರದ್ದೇ ಯಾಕೆ?” ಎಂದು ಕೇಳಿದೆ. ಆ ಹೊತ್ತಿನಲ್ಲೂ ನಾನು ಕೇಳಿದ್ದು ಅದನ್ನೇ.

“ಅದ್ರ ನೀರು ವಸಿ ಒಗರಲ್ವಾ? ಸಿಹಿ ನೀರಾದ್ರೆ ಗೊತ್ತಾಗೋಗ್ತದೆ. ಒಗರಿದ್ರೆ ಬ್ರಾಂದಿ ಜಾಸ್ತಿ ಐತೆ ಅಂದ್ಕೋತಾರೆ.” ಆಕೆ ಕ್ಯಾನಿನ ಹಿಡಿಯ ಗರಿಯನ್ನು ನೇರ ಮಾಡಿದಳು. “ಅವ್ರಿಗೆ ಗೊತ್ತಿತ್ತೋ ಏನೋ. ಒಂದ್ ದಿನ ಒಂದು ಗುಟುಕು ಕುಡ್ದು ನನ್ನ ಮಖ ನೋಡಿ ನಕ್ಕ್ರು.”

“ಇದನ್ನ ಚೆಲ್ಲಬಹುದಿತ್ತಲ್ಲ?”

“ಬ್ಯಾರೇರ ವಸ್ತು ನಾನು ಹೆಂಗೆ ಚೆಲ್ಲಲಿ? ಇನ್ನೊಬ್ರಿಗೆ ಹುಯ್ದು ಕೊಟ್ರೆ ಮಾರಿದಂಗಾಯ್ತದೆ. ನಾನು ಮಾರೋಳಲ್ಲ. ತುಂಬ್ತು ಅಂತ ಮನೆ ಅಟ್ಟದ ಮ್ಯಾಲೆ ಮಡಗಿದ್ದೆ. ಜೀಪಿನೋರ ಕೈಗೆ ಇದೊಂದು ಸಿಗ್ಲಿಲ್ಲ ನೋಡು.” ಹೊರಟವಳು ತಿರುಗಿ ನಿಂತಳು. “ಅರ್ಜಿ ತೋರ್ಸಿದ್ರು ಕಣವ್ವ ನಂಗೆ. ಓದಕ್ಕೆ ಬರಾಕಿಲ್ಲ. ಅಕ್ಷರ ಮಾತ್ರ ಮುತ್ತು ಪೋಣಿಸ್ದಂಗಿತ್ತು.”

ಆಕೆ ಹೊರಟುಹೋದಳು. ಕ್ಯಾನು ಎತ್ತಿದೆ, ಭಾರವಿತ್ತು. ತಿಪ್ಪೆಗೆ ಸುರಿದೆ. ಒಂದು ವರ್ಷದ ಭಾನುವಾರಗಳು, ಸುರಿದು ಮುಗಿಯುವಷ್ಟರಲ್ಲಿ ಕೈ ಸೋತಿತು. ಗರಿಯ ಸೀಳನ್ನು ಮಾತ್ರ ಬಿಚ್ಚಿಟ್ಟುಕೊಂಡೆ.

ಅವತ್ತೇ ನಿಮ್ಮಮ್ಮನಿಗೆ ಹೇಳಬೇಕಿತ್ತು. ಸಾವಿನ ಮನೆಗೆ ಬಂದವರೆಲ್ಲ “ಆ ಹೋಟ್ಲವಳಿಂದ ಹೋದ್ರು” ಎನ್ನುತ್ತಿದ್ದರು. ನಾನು ಇಲ್ಲ ಎನ್ನಲಿಲ್ಲ. ಮಾತಾಡದವಳಿಗೆ ಇರುವ ಅನುಕೂಲ ಇದು, ಸುಮ್ಮನಿದ್ದರೆ ಯಾರೂ ಅನುಮಾನ ಪಡುವುದಿಲ್ಲ. ನಿಮ್ಮಮ್ಮ ಆ ಮಾತನ್ನು ಹಿಡಿದುಕೊಂಡಳು. ಅಪ್ಪನನ್ನು ಕಳೆದುಕೊಂಡವಳಿಗೆ ಹಿಡಿದುಕೊಳ್ಳಲು ಏನಾದರೂ ಬೇಕಿತ್ತು.

ಆಮೇಲೆ ಆಕೆಯನ್ನು ನೋಡಿದ್ದು ಇನ್ನೊಂದೇ ಸಲ. ಮುಂದಿನ ವರ್ಷ ಕೊಬ್ಬರಿ ಬಿಡಿಸಲು ಕೂಲಿಗೆ ಬಂದ ಹೆಂಗಸರ ಗುಂಪಿನಲ್ಲಿ ಆಕೆಯೂ ಇದ್ದಳು. ಮುದ್ದೆ ಕಟ್ಟುತ್ತಿದ್ದ ನುಣುಪು ಕೈಯಲ್ಲಿ ಕುಡುಗೋಲಿನ ಗಾಯಗಳಿದ್ದವು. ಒಂದೊಂದು ಕಾಯಿಯನ್ನೂ ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ನೀರಿದ್ದದ್ದನ್ನು ಪಕ್ಕಕ್ಕಿಟ್ಟು, ಲೊಟಲೊಟ ಅಂದದ್ದರ ಚಿಪ್ಪು ಒಡೆಯುತ್ತಿದ್ದಳು. ಹನ್ನೊಂದು ಗಂಟೆಗೆ ಎಲ್ಲರಿಗೂ ನಾನು ಮುದ್ದೆ ಬಡಿಸಿದೆ. ಆಕೆಯ ತಟ್ಟೆಯ ಮುಂದೆ ಬಗ್ಗಿದಾಗ ಆಕೆ ನನ್ನ ಮುಖ ನೋಡಲಿಲ್ಲ. ಬೆರಳು ನೋಡಿದಳು.

“ಯಾಕವ್ವ, ಬೆರಳು ನಡುಗ್ತಾವೆ?”

“ಮುದ್ದೆ ಬಿಸಿ,” ಎಂದೆ.

“ಹೂಂ, ಬಿಸಿ ಇರ್ತೈತೆ,” ಎಂದಳು. ಒಂದು ತುತ್ತು ಮುರಿದು ಸಾರಿಗೆ ಅದ್ದಿ ನುಂಗಿದಳು. “ನಿನ್ನ ಮುದ್ದೇಲಿ ವಸಿ ಗಂಟು ಐತೆ. ಕೋಲು ಇನ್ನೂ ನಾಲ್ಕು ಸಲ ಆಡ್ಸು.” ಪಕ್ಕದ ಹೆಂಗಸರು ನಕ್ಕರು. ನನಗೂ ನಗಬೇಕೆನಿಸಿತು. ಆಗ ಹೇಳಿಬಿಡಬಹುದಿತ್ತು. ಹತ್ತು ಹೆಂಗಸರಿದ್ದರು, ಅರ್ಜಿ ಬರೆದ ದಿನ ಇದ್ದಷ್ಟೇ. ಸಾರಿನ ಪಾತ್ರೆ ಎತ್ತಿಕೊಂಡು ಮುಂದಿನ ತಟ್ಟೆಗೆ ಹೋದೆ. ಸಂಜೆ ಆಕೆ ಕೂಲಿ ಇಸಿದುಕೊಂಡು, “ಬತ್ತೀನಿ ಕಣವ್ವ,” ಎಂದು ಹೋದಳು. ಮತ್ತೆ ಬರಲಿಲ್ಲ.

ಆಕೆಗೆ ಗೊತ್ತಿತ್ತೇ? ಗೊತ್ತಿದ್ದೂ ನನ್ನ ಮನೆಯ ಮುದ್ದೆ ಉಂಡಳೇ? ಹೋದ ತಿಂಗಳಿಂದ ಇದನ್ನೇ ಕೇಳಿಕೊಳ್ಳುತ್ತಿದ್ದೇನೆ. ಹೇಳಬಲ್ಲವಳು ಒಬ್ಬಳೇ, ಆಕೆ ಇನ್ನಿಲ್ಲ. ಅರ್ಜಿ ಕೊಡದೆ ಇದ್ದಿದ್ದರೂ ತಾತ ಇನ್ನೆಷ್ಟು ದಿನ ಇರುತ್ತಿದ್ದರೋ ನನಗೆ ತಿಳಿಯದು. ಅದನ್ನು ಯಾರೂ ಹೇಳಲಾರರು. ಆದರೆ ಅವರನ್ನು ಕೊಂದವಳು ಆಕೆಯಲ್ಲ. ಎರಡು ಮುಚ್ಚಳ ಕೊಟ್ಟು ಮಿಕ್ಕದ್ದನ್ನು ಮುಚ್ಚಿಟ್ಟು ಒಂದು ವರ್ಷ ಅವರನ್ನು ಕಾದವಳು.

ಚಂದು, ನೀನು ಅವತ್ತು ಅಮ್ಮನ ಮಾತಿಗೆ ಲೋಟ ಪಕ್ಕಕ್ಕೆ ಸರಿಸಿ, ಆಮೇಲೆ ನಾನು ನೋಡುತ್ತಿಲ್ಲ ಎಂದುಕೊಂಡು ಖಾಲಿ ಹೊಟ್ಟೆಯಲ್ಲೇ ಕುಡಿದೆ. ನಾನು ನೋಡಿದೆ. ಬೈಯುವುದಿಲ್ಲ. ಭಾನುವಾರ ಎಲ್ಲಿಗೆ ಬೇಕಾದರೂ ಹೋಗು. ಮೊದಲು ಉಣ್ಣು. ನಿನ್ನ ತಟ್ಟೆ ನೋಡುವವರು ಆ ಮಹಡಿಯ ಮೇಲೆ ಯಾರೂ ಇರಲಿಲ್ಲ.

ಈಗ ನಾನು ಈ ಕಾಗದ ಬರೆದದ್ದು ಯಾವ ಸಾಲಿಗಾಗಿಯೋ ಆ ಸಾಲನ್ನು ಬರೆಯುತ್ತೇನೆ. ಆ ಹೋಟೆಲಿನಲ್ಲಿ ಮದ್ಯ ಮಾರುತ್ತಿರಲಿಲ್ಲ. ಮಾರುತ್ತಾರೆಂದು ಅರ್ಜಿಯಲ್ಲಿ ಬರೆದವಳು ನಾನು. ಅಕ್ಷರ ಹೋಲಿಸಿ ನೋಡಬೇಕೆನ್ನುವವರಿಗೆ ಇದೂ ಅದೇ ದುಂಡನೆಯ ಅಕ್ಷರ, ಈಗ ಸ್ವಲ್ಪ ನಡುಗಿದೆ ಅಷ್ಟೇ.

ಮುಂದಿನ ಭಾನುವಾರ ನೀವು ಊರಿಗೆ ಬಂದಾಗ ಇದನ್ನು ನಿಮ್ಮಮ್ಮನಿಗೆ ಓದಿ ಹೇಳಿ. ಕಾಗದದ ಮಡಿಕೆಯಲ್ಲಿ ಗರಿಯ ಸೀಳು ಇದೆ, ಮೂರು ಗಂಟು. ಪುಡಿಯಾಗುತ್ತದೆ, ಮೆಲ್ಲಗೆ ಮುಟ್ಟಿ. ಅಮ್ಮ ಉಂಡ ಮೇಲೆ ಓದಿ. ನಾನು ಆಗ ಬಾವಿಯ ಹತ್ತಿರ ಇರುತ್ತೇನೆ. ಅವಳು ಕರೆದರೆ ಬರುತ್ತೇನೆ.